ಟೈಮ್‌ಪೀಸ್ ಸಾಹೇಬನ ನೌಕಾಪಡೆ

೨೧ ಜುಲೈ ೧೯೮೫, ರವಿವಾರ. ಸಂಜೆ ೫.

ಇಂದು ಗಣಾರಾಧನೆ ಮುಗಿಯಿತು. ಪಡಸಾಲೆಯಲ್ಲಿ ನಿಂತು ಆಡಿದ ಮಾತನ್ನು ಆಡಿದಂತೆಯೇ ಬರೆದಿಡುತ್ತೇನೆ.

‘ನೆರೆದ ಬಂಧುಗಳಿಗೆ, ಶಾಲೆಯ ಸಹೋದ್ಯೋಗಿಗಳಿಗೆ, ವಿದ್ಯಾರ್ಥಿ ವಸತಿನಿಲಯದ ಸಮಿತಿಯ ಸದಸ್ಯರಿಗೆ ನಮಸ್ಕಾರ. ಮಳೆಯಲ್ಲಿ ಬಂದಿದ್ದೀರಿ. ನನ್ನ ಮಗ ಉಳವಪ್ಪನ ಹೆಸರಿನಲ್ಲಿ ಪ್ರಸಾದ ಸ್ವೀಕರಿಸಿದ್ದೀರಿ. ಕೃತಜ್ಞನಾಗಿದ್ದೇನೆ. ಇನ್ನೊಂದು ವಿನಂತಿ. ನಿಮ್ಮ ಅನುಕಂಪವನ್ನು ನಿಮ್ಮ ಜೊತೆಗೇ ತೆಗೆದುಕೊಂಡು ಹೋಗಬೇಕು. ಹತ್ತು ದಿನಗಳಿಂದ ಈ ಮನೆಗೆ ಬಂದವರೆಲ್ಲ ಮೂರೇ ವಾಕ್ಯ ಹೇಳಿದ್ದಾರೆ. ಶಿವನ ಇಚ್ಛೆ; ಒಳ್ಳೆಯ ಹುಡುಗ, ಅದಕ್ಕೇ ದೇವರಿಗೆ ಬೇಕಾದ; ಧೈರ್ಯ ತಂದುಕೊಳ್ಳಿ. ಮೊದಲನೆಯದಕ್ಕೆ ಆಧಾರವಿಲ್ಲ. ಎರಡನೆಯದು ನಿಜವಾದರೆ ಇಲ್ಲಿ ಉಳಿದ ನಾವೆಲ್ಲ ಯಾರಿಗೂ ಬೇಡವಾದವರು. ಮೂರನೆಯದು ಆಜ್ಞೆ. ನನಗೆ ಆಜ್ಞೆ ಮಾಡುವ ಅಧಿಕಾರ ನಿಮಗಿಲ್ಲ.’

ದನಿ ನಡುಗಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಬಹುಮಾನದ ಢಾಲು ಗೆದ್ದ ದನಿ. ಹೆಂಡತಿ ಗಂಗಾದೇವಿ ಒಳಗೆ ಹೋದಳು. ಸಮಿತಿಯ ಅಧ್ಯಕ್ಷ ಈರಣ್ಣನವರು ಚಪ್ಪಲಿ ಮೆಟ್ಟುತ್ತ, ‘ಇಂಥಾ ವ್ಯಾಳ್ಯಾದಾಗೂ ಭಾಷಣಾ ಏನ್ರೀ ಸರ’ ಎಂದರು. ಬಾಗಿಲು ಹಾಕಿಕೊಂಡೆ.

ನನಗೆ ಬೇಕಾದದ್ದು ಸಮಾಧಾನವಲ್ಲ, ಕಾರಣ. ಡಾಕ್ಟರು ಹೇಳಿದ್ದು ಸ್ಪಷ್ಟವಾಗಿದೆ: ಮೆದುಳಿಗೇರಿದ ಮಲೇರಿಯಾ, ನಾಲ್ಕು ದಿನ ಮೊದಲು ತಂದಿದ್ದರೆ ಉಳಿಯುತ್ತಿದ್ದ. ಒಂಬತ್ತನೆಯ ತಾರೀಖು ಬಚ್ಚಲಲ್ಲಿ ಬಿದ್ದಾಗ ನಮಗೆ ತಿಳಿಯಿತು. ನಾಲ್ಕನೆಯ ತಾರೀಖು ಗುರುವಾರದಿಂದಲೇ ಜ್ವರ ಇತ್ತೆಂದು ಆಸ್ಪತ್ರೆಯಲ್ಲಿ ಅವನೇ ಹೇಳಿದ. ಹನ್ನೊಂದರ ಬೆಳಿಗ್ಗೆ ಹೋದ. ಇಪ್ಪತ್ತು ವರ್ಷ.

ಐದು ದಿನ ಜ್ವರ ಈ ಮನೆಯಲ್ಲಿ ಓಡಾಡಿದೆ. ನನ್ನೆದುರು ಕುಳಿತು ಊಟ ಮಾಡಿದೆ. ಮೂವತ್ತು ವರ್ಷ ಹುಡುಗರ ಮುಖ ನೋಡಿ ಸುಳ್ಳು ಹಿಡಿದ ಹೆಡ್‌ಮಾಸ್ತರ ನಾನು... ಬಚ್ಚಿಟ್ಟವರು ಯಾರು? ಅವನೊಬ್ಬನೇ ಆಗಿರಲಾರ.

೨೩ ಜುಲೈ, ಮಂಗಳವಾರ. ಮಧ್ಯಾಹ್ನ.

ಶಾಲೆಗೆ ರಜೆ ಹಾಕಿದೆ. ಅವನ ಟ್ರಂಕು ತೆಗೆದೆ. ಬಿ.ಎಸ್ಸಿ. ಎರಡನೆಯ ವರ್ಷದ ಪುಸ್ತಕಗಳ ಕೆಳಗೆ ಬೂಟಿನ ಡಬ್ಬಿ. ಡಬ್ಬಿಯೊಳಗೆ ಒಂದು ನಕ್ಷೆ, ಒಂದು ದಪ್ಪ ನೋಟುಬುಕ್ಕು, ಒಂದು ಸುಟ್ಟ ಮಣ್ಣಿನ ದಾಳ. ದಾಳಕ್ಕೆ ಇಪ್ಪತ್ತು ಮುಖ. ಅಂಕಿಗಳನ್ನು ಸೂಜಿಯಿಂದ ಕೊರೆದಿದೆ. ಖಾನಾಪುರದ ಕುಂಬಾರ ರಾಯಪ್ಪ ಮಾಡಿಕೊಟ್ಟದ್ದೆಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ಉಪಕಾರ ಸ್ಮರಣೆ! ತಂದೆಗೆ ಒಂದು ಸಾಲಿಲ್ಲ.

ಗೋವೆಯ ಸಹಪಾಠಿಯೊಬ್ಬನ ಅಣ್ಣ ಸರಕು ಹಡಗಿನಲ್ಲಿದ್ದಾನಂತೆ. ಅವನು ಪರದೇಶದಿಂದ ತಂದ ಇಂಗ್ಲಿಷ್ ಪುಸ್ತಕವನ್ನು ನೋಡಿ ಇವನು ಕನ್ನಡದಲ್ಲಿ ನಿಯಮ ಬರೆದಿದ್ದಾನೆ. ಪಗಡೆಯ ಹಾಗೆ ಕಾಯಿ ನಡೆಸುವ ಆಟವಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಬಾಯಲ್ಲೇ ಕಥೆ ಕಟ್ಟುತ್ತ ಹೋಗುವುದು. ಆಗುತ್ತದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಹಾಕುವುದು. ಒಂದು ಕಡೆಯವರಿಗೆ ‘ಮಬ್ಬು’ ಎಂಬ ಮಾಯಾನೌಕೆ. ಅದು ಅಡಗುತ್ತದೆ. ಇನ್ನೊಂದು ಕಡೆಯವನು ಶೋಧಕ. ಅವನು ಹುಡುಕುತ್ತಾನೆ. ಇಷ್ಟೇ. ಇಷ್ಟಕ್ಕೆ ನೂರಾ ಹನ್ನೆರಡು ಪುಟ!

ಕೆಲವು ನಿಯಮ ಇಲ್ಲಿ ನಕಲು ಮಾಡುತ್ತೇನೆ. ಮುಂದೆ ಬೇಕಾಗುತ್ತದೆ.

‘ನಿಯಮ ೩. ಅಡಗಿದ ನೌಕೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಭಾರ ಮಾಯವಾಗುವುದಿಲ್ಲ. ನಿಂತಲ್ಲಿ ನೀರು ತಗ್ಗಿರುತ್ತದೆ. ಮಳೆ ಬಂದಾಗ ಅಷ್ಟು ಜಾಗದಲ್ಲಿ ಹನಿ ನೀರನ್ನು ಮುಟ್ಟುವುದಿಲ್ಲ.

‘ನಿಯಮ ೫. ನಕ್ಷೆಯ ಯಾವ ಚೌಕದಲ್ಲಿ ಅಡಗಿದ್ದಾರೆಂದು ಅಡಗಿದವರು ಮೊದಲೇ ಚೀಟಿಯಲ್ಲಿ ಬರೆದು, ಆಟದಲ್ಲಿ ಇಲ್ಲದವರೊಬ್ಬರ ಕೈಗೆ ಕೊಡಬೇಕು. ಆಟ ಮುಗಿದ ಮೇಲೆ ಎಲ್ಲರೆದುರು ಬಿಚ್ಚಬೇಕು.

‘ನಿಯಮ ೬. ಶೋಧಕನ ದಾಳವನ್ನು ಅಡಗಿದವರೇ ಮರೆಯಲ್ಲಿ ಹಾಕಬೇಕು. ಹದಿನೈದಕ್ಕಿಂತ ಕಡಿಮೆ ಬಿದ್ದರೆ, ನೌಕೆ ಅಲ್ಲೇ ಇದ್ದರೂ, ಏನೂ ಕಾಣಲಿಲ್ಲ ಎನ್ನಬೇಕು. ನೌಕೆ ಅಲ್ಲಿ ಇರದಿದ್ದರೂ ಏನೂ ಕಾಣಲಿಲ್ಲ ಎನ್ನಬೇಕು. ಎರಡನ್ನೂ ಒಂದೇ ದನಿಯಲ್ಲಿ ಹೇಳಬೇಕು.

‘ನಿಯಮ ೮. ಶೋಧಕನು ತೋಪು ಹಾರಿಸಿದರೆ, ಕಹಳೆ ಊದಿದರೆ, ಕೂಗಿದರೆ ಅವನ ದಾಳದಿಂದ ನಾಲ್ಕು ಕಳೆಯಬೇಕು. ಗದ್ದಲದಲ್ಲಿ ನೀರಿನ ಸದ್ದು ಕೇಳುವುದಿಲ್ಲ.’

ಆರನೆಯ ನಿಯಮ ಶುದ್ಧ ಅನ್ಯಾಯ. ಪ್ರತಿವಾದಿಯೇ ದಾಳ ಹಾಕುವುದು, ಅದೂ ಮರೆಯಲ್ಲಿ! ಯಾವ ಸಭೆ ಇದನ್ನು ಒಪ್ಪೀತು? ಸುಳ್ಳನ್ನೇ ನಿಯಮವಾಗಿ ಮಾಡಿ, ಒಂದೇ ದನಿಯಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಸುವ ಆಟ. ಇದನ್ನು ಆಡಿ ಆಡಿ ನನ್ನ ಮಗ ಮುಚ್ಚಿಡುವುದನ್ನು ಕಲಿತ.

ಶೋಧಕ ಪಡೆಯ ನಾಯಕನ ಗುಣಪಟ್ಟಿ ಬೇರೆ ಪುಟದಲ್ಲಿದೆ. ‘ಹೆಸರು: ಟೈಮ್‌ಪೀಸ್ ಸಾಹೇಬ. ಎಲ್ಲ ಗುಣಕ್ಕೂ ಇಪ್ಪತ್ತಕ್ಕೆ ಅಂಕ. ದನಿ ೧೮. ಬುದ್ಧಿ ೧೭. ಕಿವಿ ೩. ಆಯುಧ: ಮೂರು ನಿಮಿಷದ ಗಡಿಯಾರ. ಎದುರಾದರೆ ವಾದಿಸಬೇಡಿ. ಅಡಗಿರಿ.’

ಯಾವನೋ ಅಂಗ್ರೇಜ ದೊರೆಯ ಅಣಕವಿರಬೇಕು.

೨೬ ಜುಲೈ, ಶುಕ್ರವಾರ. ಸಂಜೆ ೬.೩೦.

ಕರೆಪ್ಪ ಬಂದಿದ್ದ. ಉಳವಪ್ಪನ ಸಹಪಾಠಿ. ಖಾನಾಪುರದ ರೈಲ್ವೆ ಗ್ಯಾಂಗ್‌ಮನ್ ಭರಮಣ್ಣನ ಮಗ. ಕುರುಬರ ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ನಮ್ಮ ವಸತಿನಿಲಯದಲ್ಲಿ ಊಟ, ವಾಸ. ಎರಡು ವರ್ಷದ ಹಿಂದೆ ಅವನ ಅರ್ಜಿಗೆ ಸಹಿ ಮಾಡಿದ ಕಾರ್ಯದರ್ಶಿ ನಾನೇ.

ಬಾಗಿಲಲ್ಲೇ ನಿಂತ. ಒದ್ದೆ ಛತ್ರಿ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದ.

‘ಸರ, ಉಳವ್ಯಾನ ಆಟದ ವಹಿ ನಿಮ್ಮ ಕಡೆ ಇದ್ದರ... ಆಟ ಅರ್ಧಕ್ಕ ನಿಂತೈತ್ರಿ. ಚೀಟಿ ನಮ್ಮವ್ವನ ಕಡೆ ಐತಿ. ಮುಗಿಸಿ ಬಿಚ್ಚಬೇಕ್ರಿ. ಹಂಗ ಬಿಡಬಾರದು ಅಂತ ಅವನ ಅಂತಿದ್ದಾ.’

‘ಯಾವಾಗ ನಿಂತಿತು?’

‘ಜುಲೈ ಏಳಕ್ಕರೀ. ರವಿವಾರ. ನಮ್ಮ ಮನ್ಯಾಗ, ಖಾನಾಪುರದಾಗ.’

‘ಏಳಕ್ಕ ಉಳವಪ್ಪಗ ಜ್ವರ ಇತ್ತಲ್ಲಾ?’

ಛತ್ರಿಯ ಹಿಡಿ ತಿರುಗಿಸಿದ.

‘ಪ್ರಶ್ನೆ ಕೇಳೇನಿ.’

‘ಇತ್ರೀ ಸರ.’

‘ನಿನಗ ಗೊತ್ತಿತ್ತು.’

‘ಗೊತ್ತಿತ್ರೀ. ಮೈ ಕೆಂಡ ಆಗಿತ್ತು. ಗುಳಿಗಿ ತಂದುಕೊಟ್ಟೆ. ಮನ್ಯಾಗ ಹೇಳು ಅಂದೆ. ಯಾರ ಮುಂದೂ ಅನಬ್ಯಾಡ ಅಂತ ಆಣಿ ಹಾಕಿಸಿಕೊಂಡಾ.’

‘ಆಣಿ ದೊಡ್ಡದಾತು. ಜೀವ ಸಣ್ಣದಾತು.’

‘ಜೀವ ಹೋಗತೈತಿ ಅಂತ ಗೊತ್ತಿರಲಿಲ್ರೀ ಸರ. ಮಳಿಯೊಳಗ ಎಲ್ಲಾರಿಗೂ ಬರೂ ಜ್ವರ ಅಂದುಕೊಂಡ್ವಿ...’

ಅತ್ತ. ಅಳುವುದು ಉತ್ತರವಲ್ಲ ಎಂದೆ. ಜ್ವರ ಎಲ್ಲಿ ಹತ್ತಿತು ಎಂಬುದನ್ನೂ ಹೊರಗೆಳೆದೆ. ಜೂನ್ ೨೨, ೨೩. ಇಬ್ಬರೂ ಕಣಕುಂಬಿಯ ಕಾಡಿಗೆ ಹೋಗಿದ್ದಾರೆ. ನದಿ ಹುಟ್ಟುವ ಜಾಗ ನೋಡಿ ಆಟದ ನಕ್ಷೆ ಬರೆಯಲು! ಒಂದು ರಾತ್ರಿ ಅಲ್ಲಿ ಯಾರದೋ ದನದ ಕೊಟ್ಟಿಗೆಯಲ್ಲಿ ಮಲಗಿದ್ದಾರೆ. ಉಳವಪ್ಪ ನಮಗೆ ಹೇಳಿದ್ದು, ಓದಲು ಹಾಸ್ಟೆಲ್ಲಿನಲ್ಲಿ ಉಳಿಯುತ್ತೇನೆ ಎಂದು. ಕರೆಪ್ಪ ಹಾಸ್ಟೆಲ್ಲಿನ ರಜಿಸ್ಟರಿನಲ್ಲಿ ಬರೆದದ್ದು, ‘ತಾಯಿಗೆ ಆರಾಮಿಲ್ಲ, ಖಾನಾಪುರ’.

ಎರಡು ಸುಳ್ಳು ಒಂದಕ್ಕೊಂದು ಆನಿಕೊಂಡು ನಿಂತಿದ್ದವು.

ಹೋಗು ಎಂದೆ. ವಹಿ ಕೊಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಗಂಗಾದೇವಿ ಚಹಾದ ಕಪ್ಪು ಹಿಡಿದು ನಿಂತಿದ್ದಳು, ಅವನಿಗಾಗಿ. ಕಪ್ಪು ಅಲ್ಲೇ ತಣ್ಣಗಾಯಿತು.

೨೭ ಜುಲೈ, ಶನಿವಾರ. ಬೆಳಿಗ್ಗೆ ೭.

ಠರಾವಿನ ಕರಡು ಮುಗಿಯಿತು. ಆಗಸ್ಟ್ ೧೧ರ ಸಮಿತಿ ಸಭೆಗೆ.

‘ವಸತಿನಿಲಯದ ವಿದ್ಯಾರ್ಥಿ ಕರೆಪ್ಪ ತಂದೆ ಭರಮಣ್ಣ, ಈತನು ರಜಿಸ್ಟರಿನಲ್ಲಿ ಸುಳ್ಳು ಕಾರಣ ಬರೆದು ಹೊರಗೆ ಉಳಿದದ್ದಕ್ಕಾಗಿ ಈತನ ಪ್ರವೇಶವನ್ನು ರದ್ದುಪಡಿಸತಕ್ಕದ್ದು.’

ಒಂದೇ ವಾಕ್ಯ. ವಿಶೇಷಣವಿಲ್ಲ. ಉಳವಪ್ಪನ ಹೆಸರಿಲ್ಲ.

ಗಂಗಾದೇವಿ ಓದಿದಳು. ‘ಹೊರಗ ಹಾಕಿದ್ರ ಆ ಹುಡುಗ ಎಲ್ಲಿ ಇರತೈತಿ? ಸಾಲಿ ಬಿಟ್ಟು ಅವರಪ್ಪನಂಗ ಹಳಿ ಮ್ಯಾಲ ಸುತ್ತಗಿ ಹಿಡೀತೈತಿ.’

‘ಹಿಡಿಯಲಿ.’

‘ಇದು ಉಳವ್ಯಾಗ ಸೇರತಿತ್ತೇನು?’

ಸತ್ತವರ ಸಾಕ್ಷ್ಯ ನಡೆಯುವುದಿಲ್ಲ ಎಂದೆ. ಹಾಳೆಯನ್ನು ಮೇಜಿನ ಮೇಲೆ ಎಸೆದು ಹೋದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಾಗದವನ್ನು ಅವಳು ಎಸೆದದ್ದು ಇದೇ ಮೊದಲು.

೪ ಆಗಸ್ಟ್, ರವಿವಾರ. ಸಂಜೆ ೭.

ಖಾನಾಪುರಕ್ಕೆ ಹೋಗಿ ಬಂದೆ. ಹೋದದ್ದು ಸಾಕ್ಷ್ಯಕ್ಕಾಗಿ. ಕೈಚೀಲದಲ್ಲಿ ನೋಟುಬುಕ್ಕು, ನಕ್ಷೆ, ದಾಳ. ಆರೋಪಿಯ ಎದುರಿಗೆ ಇಡಲು.

ರೈಲ್ವೆ ಕ್ವಾರ್ಟರ್ಸು. ಒಂದು ಕೋಣೆ, ಒಂದು ಅಡುಗೆಮನೆ. ಕರೆಪ್ಪ ಇದ್ದ. ಕಾಂತಾ ಕೂಡ ಇದ್ದಳು. ನಮ್ಮೂರ ಸದಾಶಿವನಗರದ ಹುಡುಗಿ, ಇವರದೇ ತರಗತಿ. ಸೋದರತ್ತೆಯ ಮನೆ ಖಾನಾಪುರದಲ್ಲಿ, ಆ ನೆಪದಲ್ಲಿ ರವಿವಾರಗಳಂದು ಬರುತ್ತಾಳೆ. ಮಬ್ಬು ನೌಕೆಯ ಸಿಬ್ಬಂದಿ ಈ ಇಬ್ಬರೇ. ಭರಮಣ್ಣ ಲಗುಬಗೆಯಿಂದ ಅಂಗಿ ತೊಟ್ಟುಕೊಂಡ.

‘ಬರ್ರಿ ಸರ, ಕುಂದರ್ರಿ. ಏ ಇವಳ, ಚಾ ಇಡು.’

ಕುಳಿತುಕೊಳ್ಳುವ ಮೊದಲೇ ಅವನ ಹೆಂಡತಿ ಸತ್ಯವ್ವನನ್ನು ಕೇಳಿದೆ. ‘ಜೂನ್ ಇಪ್ಪತ್ತೆರಡಕ್ಕ ನಿಮಗ ಆರಾಮ ಇರಲಿಲ್ಲೇನು?’

‘ನನಗೇನ್ರೀ ಧಾಡಿ ಆಗೈತಿ! ಅವತ್ತ ದೀಡ ಪಾಯಲಿ ಜ್ವಾಳ ಬೀಸೀನಿ. ಯಾರ ಅಂದ್ರು ನಿಮಗ?’

ಕರೆಪ್ಪ ನೆಲ ನೋಡಿದ. ಸಾಕ್ಷ್ಯ ಸಿಕ್ಕಿತು. ತಾಯಿಯ ಬಾಯಿಂದಲೇ. ಅಲ್ಲಿಂದ ಎದ್ದು ಬರಬೇಕಾಗಿತ್ತು.

ಕಾಂತಾ ಕೈಚೀಲ ನೋಡಿದಳು. ‘ಕಾಕಾ, ವಹಿ ತಂದೀರಿ. ಹಂಗಾರ ಆಟ ಮುಗಿಸೂಣು. ಉಳವ್ಯಾ ಸಾಹೇಬನ ಪಾತ್ರಾ ಮಾಡತಿದ್ದಾ. ಅವನ ಜಾಗಾದಾಗ ನೀವು ಕುಂದರ್ರಿ.’

ಒಪ್ಪಿದೆ. ಆರೋಪಿಸುವವನಿಗೆ ಆರೋಪದ ವಸ್ತು ತಿಳಿದಿರಬೇಕು ಎಂಬುದು ನನ್ನ ಸಮರ್ಥನೆ. ಈಗ ಓದಿದರೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ.

ಚಾಪೆಯ ಮೇಲೆ ನಕ್ಷೆ ಹರವಿದರು. ಅವರು ಮರೆಗೆ ಹಿಡಿದದ್ದು ಸತ್ಯವ್ವನ ಮೊರ. ಮೊರದ ಆಚೆ ಕರೆಪ್ಪ ದಾಳ ಹಾಕುವುದು, ಕಾಂತಾ ಹೇಳುವುದು.

‘ನಿಮ್ಮ ಮೂರು ಹಡಗ ಕರಿಕಲ್ಲ ಕೊಲ್ಲಿಯೊಳಗ ಅದಾವ್ರಿ. ಸಣ್ಣಗ ಮಳಿ ಐತಿ. ಮಬ್ಬು ಇಲ್ಲೇ ಎಲ್ಲೋ ಐತಿ, ಇಲ್ಲಾಂದ್ರ ಇಲ್ಲ. ಏನ್ ಮಾಡತೀರಿ?’

‘ಎಲ್ಲೈತಿ, ತೋರಿಸು.’

‘ಹಂಗ ಕೇಳಾಂಗಿಲ್ರೀ ಕಾಕಾ. ಹಡಗ ಏನು ನಿಮ್ಮ ಸಾಲಿ ಹುಡುಗ ಏನು, ಎದ್ದು ನಿಲ್ಲು ಅಂದ್ರ ನಿಲ್ಲಾಕ?’

ಭರಮಣ್ಣ ಹೊಸ್ತಿಲಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ‘ತೋಪ ಹೊಡೀರಿ ಸರ! ಹೊಡದ್ರ ಹೊರಗ ಬೀಳತಾವ.’

‘ಅಪ್ಪಾ, ನೀ ಸುಮ್ಕುಂದರ. ನಾಕ ಕಳೀತಾವ.’

‘ಕಳೀಲಿ ತಗೊ. ಅವರ ತೋಪು, ಅವರ ಮದ್ದು.’

ತೋಪು ಹಾರಿಸಿದೆ. ಮೊರದ ಆಚೆ ಮಣ್ಣಿನ ದಾಳ ನೆಲಕ್ಕೆ ಬಡಿದು ಉರುಳಿತು. ‘ಏನೂ ಕಾಣಲಿಲ್ಲ.’ ಉತ್ತರದ ಚೌಕಗಳಿಗೆ ಹಡಗು ತಿರುಗಿಸಿ ಮತ್ತೆ ಹಾರಿಸಿದೆ. ‘ಏನೂ ಕಾಣಲಿಲ್ಲ.’ ಕಹಳೆ ಊದಿಸಿದೆ. ಏಳು ಸಲ ಅದೇ ಉತ್ತರ, ಅದೇ ದನಿ. ಮುಖ ಬಿಸಿಯಾಯಿತು. ಕೊನೆಗೆ ಮಬ್ಬು ನೌಕೆಗೆ ಘೋಷಣೆ ಹೊರಡಿಸಿದೆ. ‘ಮೂರು ನಿಮಿಷ ಕೊಟ್ಟೇನಿ. ಹೊರಗ ಬಂದು ನಿಮ್ಮ ಪಕ್ಷ ಹೇಳ್ರಿ.’

ಕಾಂತಾ ಫಕ್ಕನೆ ನಕ್ಕಳು. ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣು ತುಂಬಿತ್ತು.

‘ತಪ್ಪಾತ್ರಿ ಕಾಕಾ. ಉಳವ್ಯಾನೂ ಇದ ಮಾತ ಅಂತಿದ್ದಾ. ಇದ ದನಿ ತಗೀತಿದ್ದಾ. ನಾವು ಉಳ್ಳಾಡಿ ನಗತಿದ್ವಿ.’

ಅಡುಗೆಮನೆಯಲ್ಲಿ ಚಹಾ ಉಕ್ಕಿದ ವಾಸನೆ.

ಅಂಗ್ರೇಜ ದೊರೆಯ ಅಣಕವೆಂದು ಜುಲೈ ೨೩ರಂದು ಬರೆದಿದ್ದೇನೆ. ಅದು ಸುಳ್ಳು. ಆ ಪುಟ ತೆರೆದ ಕ್ಷಣವೇ ಅದು ನಾನೆಂದು ಗುರುತು ಸಿಕ್ಕಿತ್ತು. ನನ್ನ ದಿನಚರಿಯಲ್ಲಿ ನಾನೇ ಬರೆದ ಸುಳ್ಳು. ತಿದ್ದುವುದಿಲ್ಲ, ಇರಲಿ.

ಆಮೇಲೆ ಮೂರನೆಯ ನಿಯಮ ನೆನಪಾಯಿತು. ದನಿ ತಗ್ಗಿಸಿ ಕೇಳಿದೆ. ‘ಬಂಡೆಯ ಪೂರ್ವಕ್ಕಿರುವ ಚೌಕದಾಗ ಮಳಿ ಹನಿ ನೀರಿಗೆ ಮುಟ್ಟತಾವೇನು?’ ಕರೆಪ್ಪ ತಲೆ ಎತ್ತಿ ನೋಡಿದ. ದಾಳ ಉರುಳಿತು. ಈ ಸಲ ಅವನೇ ಹೇಳಿದ.

‘ಏನೂ ಕಾಣಲಿಲ್ರೀ ಸರ.’

‘ಅಲ್ಲಿ ಇಲ್ಲೋ? ಇದ್ದೂ ಕಾಣಲಿಲ್ಲೋ?’

‘ಅದನ್ನ ಹೇಳಾಂಗಿಲ್ರೀ.’

‘ನನಗ ಹೇಳಬೇಕು!’

ಮೊರವನ್ನು ಕಿತ್ತೆಸೆದೆ. ದಾಳದ ಮೇಲೆ ಆರು. ಆರರಿಂದ ಏನೂ ತಿಳಿಯುವುದಿಲ್ಲ. ಆದರೆ ಮೊರದ ಹಿಂದಿದ್ದ ಮುಖ ಕಂಡಿತು. ಗೋಡೆಗೆ ಬೆನ್ನು ಒತ್ತಿ, ಉಸಿರು ಹಿಡಿದು, ಏನೂ ಆಗಿಲ್ಲವೆಂಬಂತೆ ತುಟಿ ಬಿಗಿದ ಮುಖ. ಈ ಮುಖವನ್ನು ಮೊದಲು ನೋಡಿದ್ದೇನೆ. ಜುಲೈ ಐದು, ಆರು, ಎಂಟು. ನನ್ನ ಊಟದ ಮಣೆಯ ಎದುರು. ಅದನ್ನು ಅಂದು ಅಧ್ಯಯನದ ಗಾಂಭೀರ್ಯವೆಂದು ಎಣಿಸಿ ಸಂತೋಷಪಟ್ಟಿದ್ದೆ.

ಎದ್ದೆ. ಚೀಟಿ ಕೊಡಿ ಎಂದು ಸತ್ಯವ್ವನನ್ನು ಕೇಳಿದೆ. ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. ‘ಆಟ ಮುಗೀಲಿಲ್ಲಲ್ರೀ ಸರ. ನೀವು ಮೊರ ಎತ್ತಿ ಒಗದ್ರಿ. ಹೆಂಗ ಕೊಡ್ಲಿ?’

ಗ್ಯಾಂಗ್‌ಮನ್ನನ ಹೆಂಡತಿ ನನಗೆ ನಿಯಮ ಹೇಳಿದಳು. ನಿಯಮ ಸರಿಯಾಗಿತ್ತು.

ಸ್ಟೇಶನ್ನಿನವರೆಗೆ ಅವಳೇ ಬಂದಳು, ಛತ್ರಿ ಹಿಡಿದು. ದಾರಿಯಲ್ಲಿ ಹೇಳಿದ್ದನ್ನು ಇವತ್ತು ಬರೆಯಲಾರೆ.

೬ ಆಗಸ್ಟ್, ಮಂಗಳವಾರ. ಬೆಳಿಗ್ಗೆ ೫.೩೦.

ಬರೆಯಬೇಕು. ಸತ್ಯವ್ವ ಹೇಳಿದ್ದು:

‘ಅವತ್ತ ರವಿವಾರ ಉಳವ್ಯಾನ ಹಣಿ ಮುಟ್ಟಿದೆರೀ. ಕಾದ ಹಂಚಾಗಿತ್ತು. ಏಳೋ ತಮ್ಮಾ, ರೈಲಿಗೆ ಹೋಗು, ನಿಮ್ಮಪ್ಪಗ ಹೇಳು ಅಂದೆ. ಅವಾ ಅಂದಾ, ಅವ್ವಾ, ಕಣಕುಂಬಿಗೆ ಹೋಗೂ ವಾದದಾಗ ನಾ ಅಪ್ಪಾರ ಮುಂದ ಸೋತೀನಿ. ಸೋತ ಮ್ಯಾಲೂ ಹೋಗೀನಿ. ಈಗ ಜ್ವರ ಅಂದ್ರ ಡಾಕ್ಟರ್ ಕೇಳತಾರ, ಎಲ್ಲಿ ಹೋಗಿದ್ದಿ ಅಂತ. ಎಲ್ಲಾ ಹೊರಗ ಬೀಳತದ. ಇನ್ನೆರಡ ದಿನಕ್ಕ ಇಳೀತದ ಬಿಡು ಅಂದಾ. ಸರ, ವಾದದಾಗ ಸೋಲೂದು ಅಂದ್ರೇನ್ರೀ? ಅಪ್ಪ ಮಗ ಮನ್ಯಾಗ ಕೋರ್ಟ ನಡಸತೀರೇನು?’

ಹೌದು, ನಡೆಸುತ್ತಿದ್ದೆ. ಅವನಿಗೆ ಹತ್ತು ವರ್ಷವಾದಾಗಿನಿಂದ. ಸೈಕಲ್ಲು ಬೇಕು, ಸಿನಿಮಾಕ್ಕೆ ಹೋಗಬೇಕು, ಕೂದಲು ಬಿಡಬೇಕು, ಏನೇ ಇರಲಿ, ವಿಷಯವನ್ನು ಮಂಡಿಸಬೇಕು. ಕಪಾಟಿನ ಮೇಲಿನ ಟೈಮ್‌ಪೀಸು ತಂದು ಮೇಜಿನ ಮೇಲಿಡಬೇಕು. ಅವನಿಗೆ ಮೂರು ನಿಮಿಷ, ಪರ. ನನಗೆ ಮೂರು ನಿಮಿಷ, ವಿರೋಧ. ಆಮೇಲೆ ತೀರ್ಪು. ಹುಡುಗ ಯೋಚಿಸುವುದನ್ನು ಕಲಿಯಲಿ, ಬೇಡಿ ಪಡೆಯುವುದನ್ನಲ್ಲ ಎಂಬುದು ಉದ್ದೇಶ. ಬಂದವರೆಲ್ಲ ಹೊಗಳಿದ್ದಾರೆ. ನಮ್ಮ ಹಿಂದವಾಡಿಯಲ್ಲಿ ಎರಡು ಮನೆಯವರು ಅನುಕರಿಸಿದ್ದೂ ಉಂಟು.

ತೀರ್ಪು ಕೊಡುವವನೂ ನಾನೇ.

ಜೂನ್ ೨೦, ಗುರುವಾರ ಸಂಜೆ. ವಿಷಯ: ಉಳವಪ್ಪನಿಗೆ ಕಣಕುಂಬಿಗೆ ಹೋಗಲು ಅನುಮತಿ ಕೊಡತಕ್ಕದ್ದು. ಅವನು ಹೇಳಿದ್ದು: ಎರಡೂವರೆ ತಾಸಿನ ದಾರಿ; ಕರೆಪ್ಪನ ಸೋದರಮಾವನ ಊರು ಹತ್ತಿರದಲ್ಲೇ ಇದೆ, ಅನುಮತಿ ಸಿಕ್ಕರೆ ಅಲ್ಲೇ ಉಳಿಯಬಹುದು, ಪತ್ರ ಬರೆದಾಗಿದೆ; ನದಿ ಹುಟ್ಟುವ ಜಾಗ ನೋಡದವನು ನಕ್ಷೆ ಬರೆದರೆ ಅದು ಸುಳ್ಳಾಗುತ್ತದೆ. ಮೂರನೆಯದನ್ನು ಹೇಳುವಾಗ ಅವನ ಮುಖ ಅರಳಿತ್ತು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ನಾನು ಮಾತನಾಡಿದ್ದು ಪರೀಕ್ಷೆಯ ಬಗ್ಗೆ, ಸಹವಾಸದ ಬಗ್ಗೆ, ಆಟವೆಂಬ ವ್ಯಸನದ ಬಗ್ಗೆ. ಚೆನ್ನಾಗಿಯೇ ಮಾತನಾಡಿದೆ. ವಿಷಯ ಬಿಟ್ಟು ಮಾತನಾಡಿದೆ. ಗಂಟೆ ಹೊಡೆಯಿತು. ತಿರಸ್ಕರಿಸಲಾಗಿದೆ ಎಂದೆ.

‘ಆತ್ರೀ ಅಪ್ಪಾರ’ ಎಂದ. ಟೈಮ್‌ಪೀಸಿಗೆ ಕೀಲಿ ಕೊಟ್ಟು ಮೇಲಿಟ್ಟ.

ಯಾವ ನಿಷ್ಪಕ್ಷಪಾತಿ ತೀರ್ಪುಗಾರನಿದ್ದರೂ ಅಂದು ಗೆಲ್ಲುತ್ತಿದ್ದವನು ಅವನು. ಅದು ಅಂದೇ ನನಗೆ ಗೊತ್ತಿತ್ತು.

ಅನುಮತಿ ಇದ್ದಿದ್ದರೆ ಕರೆಪ್ಪನ ಮಾವನ ಮನೆಯಲ್ಲಿ ಉಳಿಯುತ್ತಿದ್ದ, ಕೊಟ್ಟಿಗೆಯಲ್ಲಿ ಮಲಗುತ್ತಿರಲಿಲ್ಲ. ಮಲಗಿ ಜ್ವರ ಬಂದಿದ್ದರೂ ಮೊದಲ ದಿನವೇ ಹೇಳುತ್ತಿದ್ದ.

ಗಂಗಾದೇವಿಗೆ ಇದನ್ನು ಓದಿ ಹೇಳಿದೆ. ಕೇಳಿ ಮುಗಿಸಿ ಒಂದೇ ಮಾತು ಅಂದಳು. ‘ಹತ್ತ ವರ್ಷ ಅವಗ ಎದುರಾಳಿ ಆಗಿ ಕುಂತ್ರಿ.’ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಸಿಟ್ಟು ಇಳಿದಿಲ್ಲ. ಎಲ್ಲಿಗೆ ತಿರುಗಿಸಬೇಕೆಂಬುದು ಮಾತ್ರ ಬದಲಾಗಿದೆ.

೯ ಆಗಸ್ಟ್, ಶುಕ್ರವಾರ. ಮಧ್ಯಾಹ್ನ ೩.

ಈರಣ್ಣನವರು ಶಾಲೆಗೇ ಬಂದರು. ನಾನು ಮೊದಲೇ ಕಳಿಸಿದ್ದ ಠರಾವಿನ ಕೆಳಗೆ ಆರು ಸಹಿ. ಸಭೆಗೆ ಮೊದಲೇ!

‘ಸರ, ನೀವೇನೂ ತಲಿ ಕೆಡಿಸಿಕೋಬ್ಯಾಡ್ರಿ. ಎಲ್ಲಾರ ಮನಿಗೂ ನಾನ ಹೋಗಿ ಬಂದೆ. ಎರಡ ನಿಮಿಷದಾಗ ಪಾಸ್ ಮಾಡಿ ಚಾ ಕುಡದು ಏಳೂಣು.’

‘ಹುಡುಗನ ಹೇಳಿಕೆ?’

‘ಅವನದೇನ್ ಕೇಳೂದ್ರೀ? ನಿಮ್ಮ ದುಃಖಾ ನೋಡಾಕ ಆಗವಲ್ದು. ನೀವು ಇವನ್ನ ತಗೀರಿ ಅಂದ್ರ ತಗದ್ವಿ. ಆ ಹುಡುಗ ಮಾರಿ ಮುಂದ ಓಡಾಡಿದ್ರ ನಿಮಗ ನೆನಪಾಗತದ ಅಂತ ನಾವೇನು ತಿಳಕೊಳ್ಳೂದಿಲ್ಲೇನು? ಕಾರಣಾ ಯಾಕ ಬೇಕು?’

‘ಠರಾವು ಓದೀರೇನು?’

‘ಓದೂದೇನೈತ್ರೀ. ನೀವು ಬರದೀರಿ ಅಂದಮ್ಯಾಲ...’

ಆರು ಜನ. ಒಬ್ಬರೂ ಓದಿಲ್ಲ. ನನ್ನ ವಾದಕ್ಕೆ ಬಿದ್ದ ಮತ ಒಂದೂ ಇಲ್ಲ; ಎಲ್ಲವೂ ನನ್ನ ಮಗನ ಹೆಣಕ್ಕೆ ಬಿದ್ದವು. ಒಬ್ಬ ಗ್ಯಾಂಗ್‌ಮನ್ನನ ಮಗನ ಓದನ್ನು ಕತ್ತರಿಸಿ ತಾಟಿನಲ್ಲಿಟ್ಟು ಸಾಂತ್ವನವೆಂದು ತಂದುಕೊಟ್ಟಿದ್ದಾರೆ. ಕಾಗದ ಹಿಂದಕ್ಕೆ ತಳ್ಳಿದೆ. ‘ಸಹಿಗಳನ್ನು ಸಭೆಯಲ್ಲಿ ಮಾಡಬೇಕು, ಮಾತು ಕೇಳಿದ ಮೇಲೆ’ ಎಂದೆ. ಗದರಿದೆ ಎಂದೇ ಬರೆಯಬೇಕು. ಹೊರಗೆ ಜವಾನ ಇಣುಕಿ ನೋಡಿದ.

ಈರಣ್ಣನವರು ಟೋಪಿ ಸರಿಪಡಿಸಿಕೊಂಡರು. ‘ಸಿಟ್ಟು ಬರತದ್ರಿ. ಬರಬೇಕಾದ್ದ. ಮಗನ್ನ ಕಳಕೊಂಡೀರಿ.’

ನನ್ನ ಸಿಟ್ಟಿಗೂ ಅನುಕಂಪ!

ಇಷ್ಟು ಜನರ ನಡುವೆ ಆ ಹುಡುಗನ ಪರವಾಗಿ ಎದ್ದು ನಿಲ್ಲುವವನು ಒಬ್ಬನೂ ಇಲ್ಲ. ವಿರೋಧ ಪಕ್ಷವೇ ಇಲ್ಲದ ಸಭೆ. ಅಂಥದು ನನ್ನ ಮನೆಯಲ್ಲಿ ಹತ್ತು ವರ್ಷ ನಡೆದಿದೆ.

೧೧ ಆಗಸ್ಟ್, ರವಿವಾರ. ಬೆಳಿಗ್ಗೆ ೮.

ಹತ್ತಕ್ಕೆ ಸಭೆ. ನಿರ್ಧಾರವಾಗಿದೆ. ಗಂಗಾದೇವಿಯನ್ನು ಕೇಳಿಲ್ಲ. ಸತ್ಯವ್ವನಿಗೆ, ಕರೆಪ್ಪನಿಗೆ ಹೇಳಿ ಕಳಿಸಿಲ್ಲ. ಯಾರ ಸಲಹೆಯೂ ಇದರಲ್ಲಿಲ್ಲ.

ಠರಾವನ್ನು ಹಿಂತೆಗೆದುಕೊಳ್ಳುವುದಿಲ್ಲ. ಹಿಂತೆಗೆದುಕೊಂಡರೆ ದೊಡ್ಡ ಮನಸ್ಸು, ಪುತ್ರಶೋಕ ಮನುಷ್ಯನನ್ನು ಮೆತ್ತಗೆ ಮಾಡಿತು ಎನ್ನುತ್ತಾರೆ. ನನ್ನ ಮನಸ್ಸು ದೊಡ್ಡದಲ್ಲ. ಕರೆಪ್ಪನನ್ನು ನಾನು ಕ್ಷಮಿಸಿಲ್ಲ. ಅವನು ಆ ದಿನ ಒಂದು ಮಾತು ಆಡಿದ್ದರೆ ಸಾಕಿತ್ತು. ಇದನ್ನು ಅವನ ಎದುರಿಗೂ ಹೇಳುತ್ತೇನೆ.

ಠರಾವನ್ನು ಮಂಡಿಸುತ್ತೇನೆ. ಮಂಡಿಸಿ, ಅದರ ವಿರುದ್ಧ ನಾನೇ ಮಾತನಾಡುತ್ತೇನೆ. ಮೂರು ನಿಮಿಷವಲ್ಲ, ಬೇಕಾದಷ್ಟು. ರಜಿಸ್ಟರಿನ ಸುಳ್ಳಿಗೆ ಹಾಸ್ಟೆಲ್ಲಿನ ನಿಯಮದಲ್ಲಿರುವ ಶಿಕ್ಷೆ ಎಚ್ಚರಿಕೆಯ ಪತ್ರ, ಹೊರಹಾಕುವುದಲ್ಲ. ಆ ನಿಯಮ ಬರೆದವನು ನಾನೇ, ಬರೆದದ್ದನ್ನು ನಾನೇ ಮುಚ್ಚಿಟ್ಟಿದ್ದೆ. ಆಮೇಲೆ ಜೂನ್ ೨೦ರ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆರೂ ಜನರೆದುರು. ನಡುಕ ಬಂದರೆ ಬರಲಿ. ಕೇಳಿದ ಮೇಲೆ ಕಣ್ಣೀರು ಹಾಕುವವರು ಹೊರಗೆ ಹೋಗಿ ಹಾಕಲಿ. ಮತ ಕೊಡುವವರು ಒಳಗಿರಲಿ.

ಮತ ಏನೇ ಬೀಳಲಿ, ತೀರ್ಪು ಓದುವವನು ನಾನಲ್ಲ. ಕಾರ್ಯದರ್ಶಿ ಸ್ಥಾನದ ರಾಜೀನಾಮೆ ಅಂಗಿಯ ಕಿಸೆಯಲ್ಲಿದೆ. ಮಾತು ಆರಂಭಿಸುವ ಮೊದಲೇ ಮೇಜಿನ ಮೇಲಿಡುತ್ತೇನೆ.

ಗಂಗಾದೇವಿ ಎಲ್ಲಿಗೆ ಎಂದು ಕೇಳಿದಳು. ಸಭೆಗೆ ಎಂದೆ. ಅವಳೂ ಸೀರೆ ಬದಲಿಸುತ್ತಿದ್ದಾಳೆ. ಕರೆದಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮೊದಲ ಮಾತು ಸಿದ್ಧವಾಗಿದೆ. ‘ಮಹನೀಯರೇ, ಈ ಹುಡುಗ ನನ್ನ ಮಗನ ಜ್ವರವನ್ನು ಮುಚ್ಚಿಟ್ಟ. ಯಾರಿಂದ ಮುಚ್ಚಿಟ್ಟ ಎಂದು ನೀವು ಕೇಳಬೇಕು. ನೀವು ಕೇಳದಿದ್ದರೆ ನಾನೇ ಹೇಳುತ್ತೇನೆ.’